ತಳ ಹಿಡಿದ ಬೆಲ್ಲದ ವಾಸನೆ

ಕೊಪ್ಪಳ

ಮಗಳೇ,

ಮುಂದಿನ ವಾರ ಕುಬಸ ಮಾಡಿ ನಿನ್ನನ್ನು ಹೆರಿಗೆಗೆ ಕರೆದುಕೊಂಡು ಬರುತ್ತೇವೆ. ಅದಕ್ಕೂ ಮುಂಚೆ ಒಂದು ಮಾತು. ಹೇಳೋಣ ಅಂತ ಎರಡು ಸಲ ಫೋನ್ ಹಚ್ಚಿದೆ. ಸುಮ್ನೆ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ.

ನಿನ್ನ ಅಣ್ಣ ಹುಟ್ಟಿದ್ದು ಗವಿಮಠದ ಜಾತ್ರೆ ಮುಗಿದ ವಾರ. ಗುಂಡುಗುಂಡಗಿದ್ದ. ಮೂರನೇ ದಿನ ಹಾಲು ಕುಡಿಯುವುದು ಬಿಟ್ಟ. ಒದ್ದೆ ಬಟ್ಟೆ ಬದಲಿಸುವಾಗ ಒಂದು ವಾಸನೆ ಬಂತು. ಹೂರಣಕ್ಕಿಟ್ಟ ಬೆಲ್ಲ ತಳ ಹಿಡಿದರೆ ಬರುತ್ತಲ್ವಾ, ಥೇಟ್ ಅದೇ. ಹೇಳಿದೆ. ಬಾಣಂತಿ ಮೂಗಿಗೆ ಏನೇನೋ ಬಡಿಯುತ್ತೆ ಅಂದರು. ಆಸ್ಪತ್ರೆಯಲ್ಲೂ ನಂಜು ಅಂದು ಸೂಜಿ ಚುಚ್ಚಿದರು. ಒಂಬತ್ತನೇ ದಿನ ಹೋದ. ತಾಯಿಹಾಲೇ ವಿಷವಾಯ್ತು ಅಂತ ಓಣಿಯವರು ಆಡಿಕೊಂಡರು.

ನೀನು ಹೊಟ್ಟೆಯಲ್ಲಿದ್ದಾಗ ಬೆಂಗಳೂರಿನ ಡಾಕ್ಟರೊಬ್ಬರು ತಾವಾಗಿಯೇ ಕೇಳಿದರು, ವಾಸನೆ ಏನಾದರೂ ಇತ್ತಾ ಅಂತ. ಎಂಎಸ್‌ಯುಡಿ ಇದ್ದಿರಬೇಕು ಅಂದರು, ಮೂತ್ರಕ್ಕೆ ಅಂಥ ವಾಸನೆ ಬರುವ ಒಂದು ಹುಟ್ಟು ಕಾಯಿಲೆ. ಹಾಲಿನ ಪ್ರೋಟೀನ್‌ನಲ್ಲಿರುವ ಮೂರು ಅಮೈನೋ ಆಮ್ಲಗಳನ್ನು ಒಡೆಯುವ ಕಿಣ್ವ ಅಂಥ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಅವು ರಕ್ತದಲ್ಲಿ ತುಂಬಿಕೊಂಡು ಮಿದುಳನ್ನು ಕೆಡಿಸುತ್ತವೆ. ಯಾರ ಹಾಲಾದರೂ ಅಷ್ಟೇ, ಹಸುವಿನದಾದರೂ ಅಷ್ಟೇ. ಇದನ್ನು ಕೇಳಿ ಅಲ್ಲೇ ಕೂತು ಅತ್ತುಬಿಟ್ಟೆ.

ನಾನು ನಿನ್ನ ಅಪ್ಪನಿಗೆ ಅಕ್ಕನ ಮಗಳು. ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಿನ್ನ ಸೋದರಮಾವ ಮುನಿಸಿಕೊಂಡರೂ ನಾನು ಹೊರಗಿನ ಸಂಬಂಧಕ್ಕೇ ಹಟ ಹಿಡಿದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಮೊನ್ನೆ ನಾರ್ವೆಯ ಒಬ್ಬ ತಾಯಿಯ ಬಗ್ಗೆ ಓದಿದೆ. ಬೋರ್ಗ್ನಿ ಎಗೆಲಾಂಡ್ ಅಂತ. ಅವಳ ಇಬ್ಬರು ಮಕ್ಕಳ ಬುದ್ಧಿ ಬೆಳೆದಿರಲಿಲ್ಲ, ಮೂತ್ರಕ್ಕೆ ವಿಚಿತ್ರ ವಾಸನೆ. ಡಾಕ್ಟರ್‌ಗಳು ಕಿವಿಗೊಡಲಿಲ್ಲ. ಕೊನೆಗೆ 1934ರಲ್ಲಿ ಫೋಲಿಂಗ್ ಅನ್ನುವ ಡಾಕ್ಟರ್ ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು, ಅದು ಹಸಿರಾಯ್ತು. ಪಿಕೆಯು ಅನ್ನುವ ಕಾಯಿಲೆ ಪತ್ತೆಯಾದದ್ದು ಹಾಗೆ. ನಮ್ಮದು ಬೇರೆ ಕಾಯಿಲೆ, ಆದರೂ ಆ ತಾಯಿ ನನಗೆ ಗೊತ್ತಿದ್ದವಳೇ ಅನ್ನಿಸಿತು.

ಹುಟ್ಟಿದ ಎರಡನೇ ದಿನವೇ ಕೂಸಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಕಾಗದಕ್ಕೆ ಹಾಕಿ ಒಣಗಿಸಿ ಲ್ಯಾಬಿಗೆ ಕಳಿಸುವ ಪರೀಕ್ಷೆ ಇದೆ. ಕೇಳದಿದ್ದರೆ ಮಾಡಲಿಕ್ಕಿಲ್ಲ, ಈಗಲೇ ಹೇಳಿಡು. ಕೂಸು ಹಾಲು ಬಿಟ್ಟರೆ ಮಾತ್ರ ರಿಪೋರ್ಟಿಗೆ ಕಾಯಬಾರದು, ಓಡಬೇಕು. ಬೇಗ ಗೊತ್ತಾದರೆ ಆ ಮೂರು ಅಮೈನೋ ಆಮ್ಲ ಇಲ್ಲದ ಬೇರೆ ಥರದ ಹಾಲಿನ ಪುಡಿ ಕೊಟ್ಟು ಮಕ್ಕಳನ್ನು ಉಳಿಸಿಕೊಳ್ಳುತ್ತಾರಂತೆ.

ಬೆಂಗಳೂರಿನ ಡಾಕ್ಟರ್ ಬರೆದುಕೊಟ್ಟ ಹಳೇ ಚೀಟಿ ಟ್ರಂಕಿನಲ್ಲಿತ್ತು. ಇದರ ಜೊತೆಗೇ ಇಟ್ಟಿದ್ದೇನೆ. ಮಡಿಕೆ ಹರಿದಿದೆ, ಜೋಪಾನವಾಗಿ ಬಿಚ್ಚು.

ನಿನ್ನ ಅವ್ವ