ಪೋಷಕರಿಗೆ ಪತ್ರ: ಟೀಚರ್ ಕೊಟ್ಟ ಆ ಚೀಟಿಯ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಈಚೆಗೆ ಕೆಲವು ಮನೆಗಳಿಗೆ ಕ್ಲಾಸ್ ಟೀಚರ್ ಒಂದು ಚೀಟಿ ಕಳಿಸಿದ್ದರು. ಮಗು ಕ್ಲಾಸಿನಲ್ಲಿ ಹೇಗಿರುತ್ತೆ ಅಂತ ನಾಲ್ಕು ಸಾಲು, ಕೊನೆಗೆ 'ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ' ಅಂತ ಒಂದು ಸಾಲು. ಅವತ್ತು ರಾತ್ರಿಯೇ ಒಬ್ಬ ತಾಯಿ ಫೋನ್ ಮಾಡಿದರು. (ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) "ಮೇಡಂ, ನನ್ನ ಮಗನಿಗೆ ಆಟಿಸಂ ಅಂತ ಸ್ಕೂಲಿನವರೇ ಬರೆದುಬಿಟ್ರಾ?" ಅಂತ ಅಳುತ್ತಿದ್ದರು. ಚೀಟಿಯಲ್ಲಿ ಆ ಪದವೇ ಇರಲಿಲ್ಲ. ಆದರೂ ಅವರು ಓದಿದ್ದು ಅದನ್ನೇ.

ಆಟಿಸಂ ಅಂದರೆ ಮಗು ಜನರ ಜೊತೆ ಬೆರೆಯುವ, ಮಾತಾಡುವ, ಸುತ್ತಲಿನದನ್ನು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವುದು. ಅದು ಇದೆ, ಇಲ್ಲ ಅಂತ ಹೇಳುವುದು ಟೀಚರ್ ಕೆಲಸ ಅಲ್ಲ, ನನ್ನದೂ ಅಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದಷ್ಟೇ ನಮ್ಮ ಕೆಲಸ. 'ಯಾರ ಜೊತೆಗೂ ಬೆರೆಯಲ್ಲ' ಅಂತ ಬರೆದರೆ ಡಾಕ್ಟರಿಗೆ ಏನೂ ಉಪಯೋಗವಿಲ್ಲ. 'ಹೆಸರು ಹಿಡಿದು ಮೂರು ಸಲ ಕರೆದರೂ ತಿರುಗಲಿಲ್ಲ, ಫ್ಯಾನಿನ ಸದ್ದು ಬದಲಾದಾಗ ಮಾತ್ರ ತಲೆ ಎತ್ತಿದ' ಅಂತ ಬರೆದರೆ ಉಪಯೋಗ ಇದೆ. ಒಬ್ಬ ಹುಡುಗ ಬಾಯಾರಿದಾಗ ನನ್ನ ಹತ್ತಿರ ಬಂದು "ನಿಂಗೆ ನೀರು ಬೇಕಾ?" ಅನ್ನುತ್ತಿದ್ದ. ನನಗೆ ಬೇಕಾ ಅಂತ ಕೇಳ್ತಿದ್ದಾನೆ ಅಂದುಕೊಂಡು ಎರಡು ದಿನ "ಬೇಡಪ್ಪ" ಅಂದೆ. ಅಮ್ಮ ದಿನಾ ಕೇಳುವ ಮಾತನ್ನೇ ಅವನು ತನ್ನ ಬೇಡಿಕೆಯಾಗಿ ಹೇಳುತ್ತಿದ್ದ! ಇಂಥ ಒಂದು ಸಾಲು ಹತ್ತು ವಿಶೇಷಣಗಳಿಗಿಂತ ಜಾಸ್ತಿ ಹೇಳುತ್ತೆ.

ಮುಂದೆ ಏನಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಕಿವಿ ಪರೀಕ್ಷೆ. ಕರೆದರೆ ತಿರುಗದ ಮಗುವಿಗೆ ಕಿವಿಯೇ ಸರಿಯಾಗಿ ಕೇಳದೆ ಇರಬಹುದು, ಅಲ್ವಾ? ಆಮೇಲೆ ಒಂದು ಪ್ರಶ್ನಾವಳಿ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್-ಆರ್ ಅಂತ 20 ಪ್ರಶ್ನೆಗಳದ್ದು ಇದೆ. ಚೆನ್ನಾಗಿರೋದು ಏನಾದರೂ ಕಂಡರೆ ನಿಮಗೆ ತೋರಿಸಲು ಮಗು ಬೆರಳು ಚಾಚುತ್ತಾ, ಈ ಥರದವು. ಹೌದು ಅಥವಾ ಇಲ್ಲ ಅಂದರೆ ಸಾಕು. ಇದು ಬರೀ ಜರಡಿ. ಇದರಲ್ಲಿ ಅಂಕ ಜಾಸ್ತಿ ಬಂತು ಅಂದರೆ ಇನ್ನೂ ಸರಿಯಾಗಿ ನೋಡಬೇಕು ಅಂತ ಅಷ್ಟೇ ಅರ್ಥ. ಇಲ್ಲಿಗೇ ಹೆದರಿ ನಿಂತುಬಿಡುವವರು ಬಹಳ.

ಅಸಲಿ ಅಸೆಸ್‌ಮೆಂಟ್ ಮಾಡುವುದು ಮಕ್ಕಳ ಬೆಳವಣಿಗೆಯ ಡಾಕ್ಟರ್, ಮಕ್ಕಳ ಮನೋವೈದ್ಯರು, ಮನಶ್ಶಾಸ್ತ್ರಜ್ಞರು. ಜೊತೆಗೆ ಸ್ಪೀಚ್ ಥೆರಪಿಸ್ಟ್ ಕೂಡ ಇರಬಹುದು. ಆಟಿಸಂ ಪತ್ತೆ ಮಾಡುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಯಾರಾದರೂ ರಕ್ತ ಪರೀಕ್ಷೆ ಬರೆದುಕೊಟ್ಟರೆ ಅದು ಜೊತೆಗಿರುವ ಬೇರೆ ತೊಂದರೆ ನೋಡಲು. ಡಾಕ್ಟರ್ ನಿಮ್ಮನ್ನು ಮಗುವಿನ ಬಗ್ಗೆ ಹುಟ್ಟಿನಿಂದ ಕೇಳುತ್ತಾ ಬರುತ್ತಾರೆ, ಮಗುವಿನ ಜೊತೆ ಆಡುತ್ತಾರೆ. ಎಡಾಸ್ ಅನ್ನುವ ಕ್ರಮದಲ್ಲಿ ಸೋಪಿನ ಗುಳ್ಳೆ ಊದುತ್ತಾರೆ, ಗೊಂಬೆಗೆ ಹುಟ್ಟುಹಬ್ಬ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಸುಮ್ನೆ ಆಟ. ಗುಳ್ಳೆ ನೋಡಿ ಮಗು ಖುಷಿಪಟ್ಟಿತಾ ಅನ್ನುವುದಕ್ಕಿಂತ, ಆ ಖುಷಿಯಲ್ಲಿ ಪಕ್ಕದವರ ಮುಖ ನೋಡಿತಾ ಅನ್ನುವುದನ್ನು ಅವರು ಗಮನಿಸುತ್ತಿರುತ್ತಾರೆ.

ಅವರ ಅಳತೆಗೋಲಲ್ಲಿ ಎರಡು ಭಾಗ: ಜನರ ಜೊತೆಗಿನ ಒಡನಾಟ, ಮಾತುಕತೆ ಒಂದು. ಮತ್ತೆ ಮತ್ತೆ ಅದೇ ಮಾಡುವುದು, ಬದಲಾವಣೆ ತಡೆಯದಿರುವುದು, ಸದ್ದು ಬೆಳಕು ಸ್ಪರ್ಶ ಅತಿಯಾಗಿ ತಾಗುವುದು ಇನ್ನೊಂದು. ಎರಡೂ ಚಿಕ್ಕಂದಿನಿಂದಲೇ ಇರಬೇಕು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಚೆನ್ನಾಗಿ ಮಾತಾಡುವ ಮಕ್ಕಳಿಗೆ ಕೊಡುತ್ತಿದ್ದ ಆಸ್ಪರ್ಜರ್ ಅನ್ನುವ ಬೇರೆ ಹೆಸರನ್ನು ತೆಗೆದು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಂ ಅಂತ ಒಂದೇ ಮಾಡಿತು. ರಿಪೋರ್ಟಿನಲ್ಲಿ ಲೆವೆಲ್ 1, 2, 3 ಅಂತ ಕಾಣಬಹುದು. ಅದು ಎಷ್ಟು ನೆರವು ಬೇಕು ಅನ್ನುವ ಲೆಕ್ಕ. ದಯವಿಟ್ಟು ರ್‍ಯಾಂಕ್ ಅಂತ ಓದಬೇಡಿ.

ನನ್ನದೇ ಒಂದು ತಪ್ಪು ಹೇಳಬೇಕು. ಬಹಳ ವರ್ಷದ ಹಿಂದೆ ಒಬ್ಬ ಹುಡುಗಿ ಇದ್ದಳು. ಮಾರ್ಕ್ಸ್ ಚೆನ್ನಾಗಿತ್ತು, ಗಲಾಟೆ ಇಲ್ಲ. ಆದರೆ ಮನೆಗೆ ಹೋದ ತಕ್ಷಣ ಬಾಗಿಲು ಹಾಕಿಕೊಂಡು ರಾತ್ರಿವರೆಗೂ ಮಾತಾಡುತ್ತಿರಲಿಲ್ಲವಂತೆ. ಅವಳ ತಾಯಿ ಕೇಳಿದಾಗ "ನಾಚಿಕೆ ಸ್ವಭಾವ, ದೊಡ್ಡವಳಾದ ಮೇಲೆ ಸರಿಹೋಗ್ತಾಳೆ" ಅಂದುಬಿಟ್ಟೆ. ಕಾಲೇಜಿಗೆ ಹೋದಮೇಲೆ ಆಟಿಸಂ ಅಂತ ಗೊತ್ತಾಯಿತು. ಆಮೇಲೆ ಒಮ್ಮೆ ಸಿಕ್ಕಾಗ ಹೇಳಿದಳು: ಎಲ್ಲಿ ನಗಬೇಕು ಅಂತ ತಿಳಿಯಲು ಪಕ್ಕದ ಬೆಂಚಿನವಳ ಮುಖವನ್ನೇ ನೋಡುತ್ತಿದ್ದಳಂತೆ. ಹೆಣ್ಣುಮಕ್ಕಳಲ್ಲಿ ಹೀಗೆ ಮುಚ್ಚಿಕೊಳ್ಳುವುದು ಜಾಸ್ತಿ, ಅದಕ್ಕೇ ತಪ್ಪಿಹೋಗುವುದೂ ಜಾಸ್ತಿ. ಅವಳ ತಾಯಿಗೆ ಅವತ್ತು ಹೇಳಿದ ಆ ಮಾತನ್ನು ನಾನು ಮತ್ತೆ ಯಾರಿಗೂ ಹೇಳಿಲ್ಲ.

ಇನ್ನು ದೊಡ್ಡವರ ವಿಷಯ. ಮಗನ ಫಾರಂ ತುಂಬುತ್ತಾ ಒಬ್ಬ ತಂದೆ ಪೆನ್ನು ಕೆಳಗಿಟ್ಟು, "ಮೇಡಂ, ಇದೆಲ್ಲ ನಂದೂ ಅಲ್ವಾ?" ಅಂದರು. ಆಟಿಸಂ ಕುಟುಂಬದಲ್ಲಿ ಹರಿದು ಬರುವುದು ಸಾಮಾನ್ಯ, ಹಾಗಾಗಿ ಅವರ ಪ್ರಶ್ನೆ ಹುಚ್ಚು ಪ್ರಶ್ನೆ ಅಲ್ಲ. 1980ರವರೆಗೆ ಡಿಎಸ್‌ಎಂನಲ್ಲಿ ಆಟಿಸಂಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ಚೆನ್ನಾಗಿ ಮಾತಾಡುವ ಮಕ್ಕಳಿಗೆ ಹೊಂದುವ ಆಸ್ಪರ್ಜರ್ ಅದರೊಳಗೆ ಬಂದಿದ್ದು 1994ರಲ್ಲಿ. ಅದಕ್ಕಿಂತ ಮುಂಚೆ ಶಾಲೆ ಮುಗಿಸಿದವರನ್ನು ಯಾರು ಗುರುತಿಸಬೇಕಿತ್ತು? ದೊಡ್ಡವರಿಗೂ ಪ್ರಶ್ನಾವಳಿ, ಉದ್ದದ ಮಾತುಕತೆ ಇರುತ್ತೆ. ಕಷ್ಟ ಇರುವುದು ಬಾಲ್ಯದ ಸಾಕ್ಷಿ ಹುಡುಕುವುದರಲ್ಲಿ. ಅಮ್ಮನನ್ನೋ ಅಕ್ಕನನ್ನೋ ಕರೆದು ಕೇಳುತ್ತಾರೆ. ಹಳೆಯ ಮಾರ್ಕ್ಸ್ ಕಾರ್ಡಿನಲ್ಲಿ ಟೀಚರ್ ಬರೆದ ಒಂದು ಸಾಲೂ ಕೆಲಸಕ್ಕೆ ಬರುತ್ತೆ. ಅಷ್ಟು ಹೊತ್ತಿಗೆ ಎಷ್ಟೋ ಜನ ಆತಂಕ, ಖಿನ್ನತೆ ಅಂತ ವರ್ಷಗಟ್ಟಲೆ ಔಷಧಿ ತಗೊಂಡಿರುತ್ತಾರೆ.

ಕಾರಣದ ಬಗ್ಗೆ ಜಗಳ ಆಡುವವರಿಗೆ ಒಂದೇ ಮಾತು. ಇದು ತಾಯಿಯ ತಪ್ಪಲ್ಲ, ಲಸಿಕೆಯಿಂದ ಬರುವುದೂ ಅಲ್ಲ. ಲಸಿಕೆಯ ಗುಮಾನಿ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು.

ಡಾಕ್ಟರ್ ಹತ್ತಿರ ಹೋಗುವಾಗ ನಮ್ಮ ಚೀಟಿ, ಮಗು ಯಾವಾಗ ನಡೆಯಿತು, ಯಾವಾಗ ಮಾತಾಡಿತು ಅನ್ನುವ ನೆನಪು, ಜೊತೆಗೆ ಮನೆಯಲ್ಲಿ ಮಗುವಿಗೆ ಗೊತ್ತಾಗದ ಹಾಗೆ ತೆಗೆದ ಎರಡು ಮೂರು ಚಿಕ್ಕ ವಿಡಿಯೋ ಒಯ್ಯಿರಿ. ಹೊಸ ಜಾಗದಲ್ಲಿ ಮಗು ಮನೆಯ ಥರ ಇರುವುದಿಲ್ಲ. ಅಸೆಸ್‌ಮೆಂಟಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅಲ್ಲಿಯವರೆಗೆ ಸ್ಪೀಚ್ ಥೆರಪಿ ನಿಲ್ಲಿಸಿಕೊಂಡು ಕೂರಬೇಡಿ, ಅದಕ್ಕೆ ಆಟಿಸಂ ಅನ್ನುವ ಹೆಸರು ಸಿಗಲೇಬೇಕು ಅಂತಿಲ್ಲ.

ರಿಪೋರ್ಟ್ ಬಂದ ಮೇಲೆ ಅದನ್ನು ನಮಗೆ ತೋರಿಸಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟಿದ್ದು. ತೋರಿಸಿದರೆ ಬೆಂಚಿನ ಜಾಗ, ಬೆಲ್ಲಿನ ಸದ್ದು, ಪರೀಕ್ಷೆಯ ಸಮಯ ಎಲ್ಲ ಕೂತು ಮಾತಾಡಬಹುದು. ಅದು ನನ್ನ ಬೀರುವಿನಲ್ಲಿ ಇರುತ್ತೆ, ಕೀಲಿ ನನ್ನ ಹತ್ತಿರ ಮಾತ್ರ. ಶನಿವಾರ ಮಕ್ಕಳು ಹೋದಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ, ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ