ಮಗಳಿಗೊಂದು ಪತ್ರ: ಸವಳು ಬೇರೆ, ಜವಳು ಬೇರೆ

ನವನಗರ, ಬಾಗಲಕೋಟೆ
ಗುರುವಾರ

ಮಗಳೇ,

ಅಪ್ಪನ ಆಶೀರ್ವಾದಗಳು. ರವಿವಾರ ಫೋನಿನಲ್ಲಿ ಆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನೀನು ಫೋನ್ ಇಟ್ಟ ಮೇಲೆ ನಿನ್ನ ಅವ್ವ ನನ್ನೊಂದಿಗೂ ನೆಟ್ಟಗೆ ಮಾತನಾಡಿಲ್ಲ. ನಿನ್ನ ಪ್ರಬಂಧದ ಇಂಗ್ಲಿಷನ್ನು ಬಲ್ಲ ತಾಯಿಯೊಬ್ಬರಿಗೆ ದುಡ್ಡು ಕೊಟ್ಟು ತಿದ್ದಿಸುತ್ತೇನೆ ಎಂದು ನೀನು ಹೇಳಿದಾಗ, ‘ದುಡ್ಡು ಕೊಟ್ಟು ಬರೆಸಿಕೊಂಡದ್ದು ನಿನ್ನದು ಹೇಗಾಗುತ್ತದೆ’ ಎಂದೆನಲ್ಲ, ಅದು ತಪ್ಪು. ಬರೆಸುವುದು ಬೇರೆ, ತಿದ್ದಿಸುವುದು ಬೇರೆ. ಮೂವತ್ತು ವರ್ಷ ಊರವರ ಬರಹ ತಿದ್ದಿ ಅನ್ನ ತಿಂದವನ ಬಾಯಲ್ಲಿ ಆ ಮಾತು ಬರಬಾರದಿತ್ತು.

ಎರಡು ಬೇಸಿಗೆ ಕಾಲುವೆ ಬದಿಯ ಹೊಲಗಳಲ್ಲಿ ತಿರುಗಿ ಮಣ್ಣು ತೆಗೆದವಳು ನೀನು. ಚೀಟಿ ಕಟ್ಟಿದ ಆ ಚೀಲಗಳು ನಮ್ಮ ಪಡಸಾಲೆಯಲ್ಲೇ ಸಾಲಾಗಿ ಇದ್ದವು. ಪ್ರಬಂಧ ಹಿಂದಕ್ಕೆ ಬಂದದ್ದು ಇಂಗ್ಲಿಷಿನಿಂದ, ನಿನ್ನ ಕೆಲಸದಿಂದಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವಳಿಗೆ ‘ಎ’ ಎಲ್ಲಿ, ‘ದಿ’ ಎಲ್ಲಿ ಎಂದು ತೊಡಕಾದರೆ ಆಶ್ಚರ್ಯವೇನು? ನಮ್ಮ ಮಾತಿನಲ್ಲಿ ಅವಕ್ಕೆ ಜಾಗವೇ ಇಲ್ಲ. ನಿನ್ನನ್ನು ಆ ಶಾಲೆಗೆ ಸೇರಿಸಿದವನು ನಾನು. ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಅದರ ಬೆಲೆ ನೀನು ತೆರುವಾಗ ನಾನೇ ಹಂಗಿಸಿದೆನಲ್ಲ ಎಂದು ಸಂಕಟವಾಗುತ್ತದೆ.

ಆ ಸಿಟ್ಟು ದುಡ್ಡಿನದ್ದಲ್ಲ. 6,000 ಪದ, ಪದಕ್ಕೆ ಎರಡು ರೂಪಾಯಿ ಎಂದು ನೀನು ಹೇಳಿದಾಗ ನನಗೆ ನೆನಪಾದದ್ದು ಬೇರೆಯೇ. ಅದನ್ನು ನಿನಗೆ ಎಂದೂ ಹೇಳಿಲ್ಲ.

1986ರ ಮಾತು. ಆಗ ನಮ್ಮದು ವಿಜಾಪುರ ಜಿಲ್ಲೆ. ಹಳೇ ಊರಿನ ಮುದ್ರಣಾಲಯದಲ್ಲಿ ನಾನು ಅಚ್ಚುಮೊಳೆ ಜೋಡಿಸುತ್ತಿದ್ದೆ, ಕರಡು ತಿದ್ದುವವನೂ ನಾನೇ. ಆ ಓಣಿ ಈಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಒಂದು ದಿನ ಮುಧೋಳ ಕಡೆಯ ರೈತರೊಬ್ಬರು ಶಾಲೆಯ ಪಟ್ಟಿ ಪುಸ್ತಕದಲ್ಲಿ ಬರೆದ ಬೇಸಾಯದ ಅನುಭವಗಳನ್ನು ತಂದರು. ಸ್ವಂತ ಖರ್ಚಿನಲ್ಲಿ 500 ಪ್ರತಿ. ಅದರಲ್ಲಿ ‘ಸವಳು’ ಎಂದೂ ಇತ್ತು, ‘ಜವಳು’ ಎಂದೂ ಇತ್ತು. ಪೇಟೆಯಲ್ಲಿ ಬೆಳೆದ ನಾನು, ಒಂದೇ ಶಬ್ದವನ್ನು ಹಿರಿಯರು ಎರಡು ಥರ ಬರೆದಿದ್ದಾರೆ ಎಂದುಕೊಂಡೆ. ಹನ್ನೊಂದು ಕಡೆ ಜೋಡಿಸಿದ್ದ ‘ಜ’ ಕಿತ್ತು ‘ಸ’ ಕೂರಿಸಿದೆ. ಉಪಕಾರ ಮಾಡಿದೆನೆಂಬ ಸಂತೋಷ ಬೇರೆ.

ಸವಳೆಂದರೆ ಉಪ್ಪು ಉಕ್ಕಿದ ನೆಲ, ಜವಳೆಂದರೆ ನೀರು ಬಸಿಯದೆ ನಿಂತ ನೆಲ. ನಿನಗೆ ಇದನ್ನು ಹೇಳಬೇಕಾಗಿಲ್ಲ, ನಿನ್ನ ಓದೇ ಅದು. ಅವರು ಬರೆದದ್ದು ಹೀಗೆ: ‘ಸವಳಿಗೆ ಸಿಹಿನೀರು ಕಟ್ಟಿ ಉಪ್ಪು ತೊಳೆದು ಹೊರಗೆ ಬಿಡಬೇಕು. ಜವಳಿಗೆ ಮೊದಲು ನೀರು ಹಾಯಿಸುವುದನ್ನು ನಿಲ್ಲಿಸಿ ಬಸಿಗಾಲುವೆ ತೆಗೆಯಬೇಕು.’ ನಾನು ಅಚ್ಚು ಮಾಡಿದ್ದರಲ್ಲಿ ಸವಳಿಗೆ ನೀರು ಕಟ್ಟಬೇಕು, ಮುಂದಿನ ಸಾಲಿನಲ್ಲೇ ಸವಳಿಗೆ ನೀರು ಹಾಯಿಸುವುದನ್ನು ನಿಲ್ಲಿಸಬೇಕು. ಎರಡು ಸಾಲು ಒಂದಕ್ಕೊಂದು ಹೊಡೆದಾಡುತ್ತಿದ್ದರೂ ನನಗೆ ಕಾಣಲಿಲ್ಲ. ಅಕ್ಷರ ನೋಡುತ್ತಿದ್ದೆ, ಮಾತು ಓದುತ್ತಿರಲಿಲ್ಲ.

ಪುಸ್ತಕ ಒಯ್ದ ಮೂರನೆಯ ದಿನ ಅವರು ಗಂಟು ಸಮೇತ ತಿರುಗಿ ಬಂದರು. ಬೈಯಲಿಲ್ಲ. ಬಾಗಿಲ ಬಳಿ ಬಾಂಕಿನ ಮೇಲೆ ಕುಳಿತು, ‘ತಮ್ಮಾ, ತಿಳಿಯದಿದ್ದರೆ ಕೇಳಬೇಕಿತ್ತಲ್ಲ’ ಎಂದರು. ಅಷ್ಟೇ. ತಪ್ಪು-ಒಪ್ಪಿನ ಚೀಟಿ ಅಂಟಿಸೋಣ ಎಂದು ಮಾಲೀಕರು ಹೇಳಿದರೆ, ಹೊಲದಲ್ಲಿ ಓದುವವರು ಚೀಟಿ ನೋಡುವುದಿಲ್ಲ ಎಂದರು. ಅಂದು ಸಂಜೆಯಿಂದ ಅವರೊಂದು ಪೆನ್ನು, ನಾನೊಂದು ಪೆನ್ನು. ಪ್ರತಿ ‘ಸ’ದ ಮೇಲೆ ಗೀಟು, ಪಕ್ಕದಲ್ಲಿ ‘ಜ’. ಹನ್ನೊಂದು ಕಡೆ, 500 ಪ್ರತಿ. ಎರಡು ರಾತ್ರಿ ಹಿಡಿಯಿತು. ಅವರ ಬೆರಳು ನೇಗಿಲು ಹಿಡಿದು ಬಿರುಸಾಗಿದ್ದವು, ಪೆನ್ನು ಜಾರುತ್ತಿತ್ತು. ನಡುವೆ ತಮ್ಮ ಬುತ್ತಿಯ ರೊಟ್ಟಿ ಮುರಿದು ನನಗೂ ಕೊಟ್ಟರು.

ಒಂದು ಪ್ರತಿಯನ್ನು ನಾನು ಇಟ್ಟುಕೊಂಡೆ. ಮುಳುಗಡೆಯಾಗಿ ಇಲ್ಲಿಗೆ ಬಂದಾಗ ಟ್ರಂಕಿನಲ್ಲಿ ಅದು ಸಿಕ್ಕಿತು, ತಿರುವಿ ನೋಡಿದೆ. 27ನೆಯ ಪುಟದಲ್ಲಿ ಒಂದು ‘ಸವಳು’ ಹಾಗೆಯೇ ಉಳಿದಿದೆ. ನೀರು ಹಾಯಿಸುವುದನ್ನು ನಿಲ್ಲಿಸಬೇಕೆಂಬ ಸಾಲೇ ಅದು. ಈ ಒಂದು ಪ್ರತಿಯಲ್ಲಿ ತಪ್ಪಿತೋ, ಇನ್ನೆಷ್ಟರಲ್ಲಿ ತಪ್ಪಿತೋ? ಅದನ್ನು ಓದಿ ಯಾರು ಏನು ಮಾಡಿದರೋ? ಈಗಲೂ ಜಮಖಂಡಿ ದಾರಿಯ ಬಸ್ಸಿನಲ್ಲಿ ಕುಳಿತಾಗ ಬೆಳ್ಳಗಾದ ಹೊಲ ಕಂಡರೆ ನನ್ನ ಕಣ್ಣು ತಾನಾಗಿ ಆಚೆ ತಿರುಗುತ್ತದೆ.

ನಾನು ಹೆದರಿದ್ದು ಇದಕ್ಕೆ. ನಿನ್ನ ಪ್ರಬಂಧದಲ್ಲಿ ಉಪ್ಪು ಹೆಚ್ಚಾದ ಮಣ್ಣಿಗೆ ‘ಸಲೈನ್’ ಎಂದಿದೆ, ಸೋಡಿಯಂ ಹೆಚ್ಚಾದದ್ದಕ್ಕೆ ‘ಸೋಡಿಕ್’ ಎಂದಿದೆ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಒಂದು, ವಿನಿಮಯ ಸೋಡಿಯಂ ಶೇ. 15 ದಾಟಿದರೆ ಇನ್ನೊಂದು. ಒಂದಕ್ಕೆ ನೀರು, ಇನ್ನೊಂದಕ್ಕೆ ಜಿಪ್ಸಂ. ನೀನೇ ರೊಟ್ಟಿ ತಿನ್ನುತ್ತ ವಿವರಿಸಿದ್ದೆ. ಇಂಗ್ಲಿಷ್ ಬಲ್ಲ ಆ ತಾಯಿಗೆ ಮಣ್ಣೂ ಗೊತ್ತಿರಬೇಕೆಂದಿಲ್ಲವಲ್ಲ.

ಆದ್ದರಿಂದ ನಾಲ್ಕು ಮಾತು ಕೇಳು. ಮೊದಲು ಒಂದೇ ಪುಟ ಪೂರ್ತಿ ತಿದ್ದಿಸಿ ನೋಡು. ಇಂತಿಂಥ ಪದಗಳನ್ನು ಮುಟ್ಟಬಾರದೆಂದು ಪಟ್ಟಿ ಮಾಡಿ ಕೊಡು. ದಿನ, ದರ, ಮರುತಿದ್ದುಪಡಿಗೆ ಬೇರೆ ಹಣವೋ ಹೇಗೆ ಎಂಬುದೆಲ್ಲ ಇಮೇಲಿನಲ್ಲಿ ಬರೆದಿರಲಿ. ಅಳಿಸಿದ್ದು, ಸೇರಿಸಿದ್ದು ಎಲ್ಲ ಗುರುತಾಗಿ ಕಾಣುವಂತೆಯೇ ಫೈಲ್ ಕೇಳು. ಬಂದ ಮೇಲೆ ಎಲ್ಲವನ್ನೂ ಒಂದೇ ಗುಂಡಿ ಒತ್ತಿ ಒಪ್ಪಬೇಡ, ಒಂದೊಂದನ್ನೇ ಓದಿ ಒಪ್ಪು. ಒಪ್ಪಿದ ಮೇಲೆ ಆ ತಪ್ಪು ಅವರದಲ್ಲ, ನಿನ್ನದು. ಭಾಷೆ ತಿದ್ದಿದವರು ಲೇಖಕರಾಗುವುದಿಲ್ಲ, ಆದರೆ ಅವರನ್ನು ಕೇಳಿ ಕೃತಜ್ಞತೆಯಲ್ಲಿ ಹೆಸರು ಹಾಕು. ನಿನ್ನ ಗೈಡ್‌ಗೂ ತಿಳಿಸಿರು. ಪ್ರಕಟಣೆ ಗ್ಯಾರಂಟಿ ಎನ್ನುವವರ, ಬೇರೆಯವರ ಬರಹದೊಂದಿಗಿನ ಹೋಲಿಕೆಯ ಶೇಕಡಾವಾರು ಇಳಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ ಎಂದು ನೀನೇ ಹೇಳಿದ್ದೆ. ಅದರೊಳಗೆ ತರಲು ಅವರು ಪದಕ್ಕೆ ಪದ ಬದಲಿಸುತ್ತಾರೆ, ನಾನು ‘ಜ’ ಕಿತ್ತ ಹಾಗೆಯೇ. ಮತ್ತೆ ಉಪದೇಶಕ್ಕೆ ಇಳಿದೆ, ಸಿಟ್ಟಾಗಬೇಡ.

ಇನ್ನೊಂದು ಹೇಳಬೇಕು. ತಿದ್ದುವ ಆ ತಾಯಿ ಮೊದಲ ಪುಟದ ಅಂಚಿನಲ್ಲಿ, ಇಲ್ಲಿ ‘ಸಿಗ್ನಿಫಿಕೆಂಟ್’ ಎಂದರೆ ಮುಖ್ಯವೆಂದೋ, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಸಿದ್ಧವಾದದ್ದೆಂದೋ ಎಂದು ಪ್ರಶ್ನೆ ಬರೆದಿದ್ದಾರೆ ಎಂದು ನೀನು ಅವ್ವನಿಗೆ ಹೇಳಿದೆಯಂತೆ. ನಿನ್ನೆ ರಾತ್ರಿ ಅವಳು ಅದನ್ನು ಹೇಳಿದಾಗಿನಿಂದ ಮನಸ್ಸು ಹಗುರವಾಗಿದೆ. ಅವರು ಕೇಳುತ್ತಾರೆ. ನಾನು ಕೇಳಿರಲಿಲ್ಲ. ಅವರನ್ನು ಬಿಡಬೇಡ.

12,000 ರೂಪಾಯಿ ನಿನ್ನ ಖಾತೆಗೆ ಹಾಕಿದ್ದೇನೆ. ಬೇಡವೆನ್ನಬೇಡ.

ಎಳ್ಳು ಅಮಾವಾಸ್ಯೆಗೆ ಬರುವಾಗ ತಿದ್ದಿದ ಪ್ರತಿಯನ್ನೂ ಹಳೆಯದನ್ನೂ ಪ್ರಿಂಟ್ ತೆಗೆಸಿಕೊಂಡು ಬಾ. ಆ ಇಂಗ್ಲಿಷ್ ನನಗೆ ಅರ್ಥವಾಗದು, ಆದರೆ ಅಂಕಿ ತಾಳೆ ನೋಡಲು ಬರುತ್ತದೆ. ನೀನು ಹೊಸದನ್ನು ಗಟ್ಟಿಯಾಗಿ ಓದು, ನಾನು ಹಳೆಯದನ್ನು ಹಿಡಿದು ಕೂರುತ್ತೇನೆ.

ನಿನ್ನ
ಅಪ್ಪ