ಹಲಗೆಯ ಮೇಲೆ ನಿಂತವನಿಗಲ್ಲ, ಬೋಟಿನಲ್ಲಿ ಕೂತವರಿಗೆ

ಪ್ರೀತಿಯ ಗೆಳೆಯಾ,

ಯಾವುದನ್ನು ಕೊಳ್ಳಲಿ ಎಂದು ಕೇಳಿ ನೀನು ಕಳಿಸಿದ ಮೂರೂ ಹಳೆಯ ಬೋಟುಗಳ ಫೋಟೋ ನೋಡಿದೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ, ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇವತ್ತು ಸುಂಟಿಕೊಪ್ಪಕ್ಕೆ ಹೋದಾಗ ಸಿಗ್ನಲ್ ಸಿಕ್ಕಿತು, ಅಲ್ಲೇ ಕೂತು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ನೀನೀಗ ಇರುವ ಅಮೆರಿಕದ ಮಿನ್ನೆಸೋಟದಲ್ಲಿ ನಾನು ಕೆಲಸ ಮಾಡುತ್ತಿದ್ದ ಆ ಬೋಟ್ ವರ್ಕ್‌ಶಾಪ್ ಬಿಟ್ಟು ತೋಟಕ್ಕೆ ವಾಪಸ್ ಬಂದು ಎಷ್ಟೋ ವರ್ಷವಾದರೂ ಎಂಜಿನ್ ಕಂಡರೆ ಕೈ ಸುಮ್ಮನಿರುವುದಿಲ್ಲ.

ಮೊದಲು ಒಂದು ಮಾತು. ವೇಕ್ ಬೋಟು, ಅಂದರೆ ಹಿಂದೆ ದೊಡ್ಡ ಅಲೆ ಎಬ್ಬಿಸಿ ಅದರ ಮೇಲೆ ಹಲಗೆಯಾಟ ಆಡಿಸುವ ಬೋಟು, ಕೊಳ್ಳಲು ಹೋದವರೆಲ್ಲ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತವನ ಬಗ್ಗೆಯೇ ಯೋಚಿಸುತ್ತಾರೆ. ಅಲೆ ಎಷ್ಟೆತ್ತರ ಏಳುತ್ತದೆ, ಟವರ್ ಹೇಗಿದೆ, ಸ್ಪೀಕರ್ ಎಷ್ಟಿವೆ ಅಂತ. ನಿಮ್ಮ ಮನೆಯ ಲೆಕ್ಕ ಹಾಕು: ನೀನು, ನಿನ್ನ ಹೆಂಡತಿ, ಮಕ್ಕಳಿಬ್ಬರು, ಬೇಸಿಗೆಗೆ ಬರುವ ಅಮ್ಮ, ಜೊತೆಗೆ ಮಗಳ ಸ್ನೇಹಿತೆ. ಆರು ಜನರಲ್ಲಿ ನೀರಿಗಿಳಿಯುವವರು ಒಂದು ಸಲಕ್ಕೆ ಒಬ್ಬರು. ಉಳಿದ ಐವರು ಬೋಟಿನಲ್ಲೇ ಕೂತಿರುತ್ತಾರೆ. ನೀನು ಬೋಟು ಹುಡುಕಬೇಕಾದದ್ದು ಆ ಐವರಿಗೆ. ಅಮ್ಮನ ಮಂಡಿ ನೋವಿಗೆ ಹತ್ತಿ ಇಳಿಯಲು ಬರಬೇಕು, ಮುಂದಿನ ಸೀಟಿನಲ್ಲಿ ಮಕ್ಕಳು ಕೂತರೆ ಅಲೆಗೆ ತಿರುಗುವಾಗ ನೀರು ಒಳಗೆ ನುಗ್ಗಬಾರದು, ಹಿಂದೆ ಕೂತವರು ಹೊಗೆ ಕುಡಿಯಬಾರದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೂರರಲ್ಲಿ ಒಂದು ತಾನಾಗಿಯೇ ಬಿದ್ದುಹೋಗುತ್ತದೆ.

ಬೀಳುವುದು ಆ ಅಗ್ಗದ ಸ್ಟರ್ನ್ ಡ್ರೈವ್ ಬೋಟು. ನಿನ್ನ ಪಕ್ಕದ ಮನೆಯವರು ಒಳ್ಳೆಯವರಿರಬಹುದು, ಬೆಲೆಯೂ ಚೆನ್ನಾಗಿಯೇ ಇದೆ. ಆದರೆ ಅದರ ಪ್ರೊಪೆಲ್ಲರ್ ಇರುವುದು ಬೋಟಿನ ಹಿಂಭಾಗದ ಆಚೆಗೆ. ವೇಕ್‌ಬೋರ್ಡಿಂಗ್‌ಗೆ ಉದ್ದದ ಹಗ್ಗವಿರುವುದರಿಂದ ಹೇಗೋ ನಡೆಯುತ್ತದೆ. ವೇಕ್‌ಸರ್ಫಿಂಗ್ ಹಾಗಲ್ಲ. ಸರ್ಫ್ ಮಾಡುವವನು ಹಗ್ಗ ಬಿಟ್ಟು ಬೋಟಿಗೆ ಹತ್ತು ಅಡಿಯೊಳಗೆ ಅಲೆಯ ಮೇಲೆ ನಿಂತಿರುತ್ತಾನೆ, ಬಿದ್ದರೆ ಅಲ್ಲೇ ಬೀಳುತ್ತಾನೆ. ಅದಕ್ಕೆ ಪ್ರೊಪೆಲ್ಲರ್ ಬೋಟಿನ ಹೊಟ್ಟೆಯ ಕೆಳಗೆ ಇರುವ ಇನ್‌ಬೋರ್ಡ್ ಬೋಟೇ ಬೇಕು. ವೋಲ್ವೊ ಪೆಂಟಾ ಕಂಪನಿ 2015ರಲ್ಲಿ ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿದ ಫಾರ್ವರ್ಡ್ ಡ್ರೈವ್ ತಂದ ಮೇಲೆ ಒಂದು ವಿನಾಯಿತಿ ಹುಟ್ಟಿಕೊಂಡಿದೆ, ಆದರೆ ನಿನ್ನ ಫೋಟೋದಲ್ಲಿರುವುದು ಅದಲ್ಲ. ಅವರು ಉಚಿತವಾಗಿ ಕೊಟ್ಟರೂ ಬೇಡ ಅನ್ನು.

ಉಳಿದ ಎರಡೂ ವಿ-ಡ್ರೈವ್. ಎಂಜಿನ್ ಹಿಂದಿನ ಸೀಟಿನ ಕೆಳಗಿರುವುದರಿಂದ ನಡುವೆ ಓಡಾಡಲು ಜಾಗವಿದೆ, ಹಿಂಭಾಗ ನೀರಿನಲ್ಲಿ ತಗ್ಗಿ ಅಲೆಯೂ ಚೆನ್ನಾಗಿ ಏಳುತ್ತದೆ. ಹೊಸದಾದ 2015ರ ಬೋಟಿನಲ್ಲಿ ಹಿಂದೆ ಸರ್ಫ್‌ಗೆಂದೇ ಗೇಟುಗಳಿವೆ, ಅಂದರೆ ನೀರಿನ ಹರಿವನ್ನು ತಿರುಗಿಸಿ ಅಲೆಗೆ ರೂಪ ಕೊಡುವ ಪಟ್ಟಿಗಳು. ಮಾಲಿಬು ಕಂಪನಿ 2012ರಲ್ಲಿ ಅಂಥ ಗೇಟು ತಂದ ಮೇಲೆ ಉಳಿದವರೂ ತಮ್ಮ ತಮ್ಮ ರೀತಿಯಲ್ಲಿ ತಂದರು. ಅದಕ್ಕೂ ಮುಂಚೆ ಸರ್ಫ್ ಅಲೆ ಬೇಕೆಂದರೆ ಒಂದೇ ಪಕ್ಕಕ್ಕೆ ನೀರಿನ ಚೀಲ ತುಂಬಿಸಿ, ಜನರನ್ನೂ ಅದೇ ಪಕ್ಕಕ್ಕೆ ಕೂರಿಸಿ, ಬೋಟನ್ನು ವಾಲಿಸಿಕೊಂಡು ಹೋಗಬೇಕಿತ್ತು. ಗೇಟು ಇದ್ದರೆ ಬೋಟು ನೆಟ್ಟಗೆ ಹೋಗುತ್ತದೆ, ಅಮ್ಮ ನೆಟ್ಟಗೆ ಕೂರಬಹುದು. ಹಾಗಾಗಿ ಅದರ ಮೇಲೆ ನಿನಗೆ ಆಸೆ ಹುಟ್ಟಿದ್ದು ನ್ಯಾಯವೇ. ಆದರೂ ನನಗೆ ಅದು ಸರಿ ಕಾಣಲಿಲ್ಲ. ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ 900 ದಾಟಿದೆ, ಸರ್ವಿಸ್ ಮಾಡಿಸಿದ ರಸೀದಿ ಒಂದೂ ಇಲ್ಲ, ಮಾರುವವನು ಸ್ಪೀಕರಿನ ಬಗ್ಗೆಯೇ ಎರಡು ಪ್ಯಾರಾ ಬರೆದಿದ್ದಾನೆ. 900 ಗಂಟೆ ಓಡಿದ್ದು ದೋಷವಲ್ಲ, ಆ 900 ಗಂಟೆಯಲ್ಲಿ ಏನೇನು ಮಾಡಿಸಿದರೆಂದು ಗೊತ್ತಾಗದಿರುವುದು ದೋಷ.

2008ರ ಬೋಟು ನೋಡು. 620 ಗಂಟೆ. ಕುಟುಂಬದ ಬೋಟು ವರ್ಷಕ್ಕೆ 50ರಿಂದ 100 ಗಂಟೆ ಓಡುವುದು ಸಾಮಾನ್ಯ, ಇದು ಅದಕ್ಕಿಂತ ಕಮ್ಮಿಯೇ ಓಡಿದೆ. ವರ್ಷ ವರ್ಷದ ರಸೀದಿ ಫೈಲ್ ಮಾಡಿ ಇಟ್ಟಿದ್ದಾರೆ. ಗೇಟು ಇಲ್ಲ ನಿಜ, ಆದರೆ ಬೋಟಿನ ಪಕ್ಕಕ್ಕೆ ನಿರ್ವಾತದ ಹಿಡಿತದಿಂದ ಅಂಟಿಸುವ ವೇಕ್ ಶೇಪರ್ ಸಿಗುತ್ತದೆ. ಗೇಟಿನಷ್ಟು ಚೆಂದದ ಅಲೆ ಬಾರದಿದ್ದರೂ ವಾಲಿಸುವ ಕಷ್ಟ ಎಷ್ಟೋ ತಪ್ಪುತ್ತದೆ, ಕಲಿಯುವ ಮಕ್ಕಳಿಗೆ ಧಾರಾಳ ಸಾಕು. ನನ್ನ ಮನಸ್ಸು ಇದರ ಕಡೆಗಿದೆ.

ಆದರೆ ನೋಡದೆ ದುಡ್ಡು ಕೊಡಬೇಡ. ಆ ಊರಿನಲ್ಲಿ ಬೋಟಿನ ದೊಡ್ಡ ಶತ್ರು ಚಳಿ. ಚಳಿಗಾಲಕ್ಕೆ ಮುಂಚೆ ಎಂಜಿನ್ನಿನ ನೀರು ಪೂರ್ತಿ ತೆಗೆಯದಿದ್ದರೆ ಒಳಗೆ ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನಿನ ಮೈಯಾದ ಬ್ಲಾಕನ್ನೇ ಸೀಳುತ್ತದೆ. ಟಾರ್ಚ್ ಹಿಡಿದು ಬ್ಲಾಕಿನ ಎರಡೂ ಪಕ್ಕ, ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ನೋಡು. ತುಕ್ಕಿನ ಗೆರೆ, ವೆಲ್ಡಿಂಗ್, ಅಂಟು ಮೆತ್ತಿದ ಗುರುತು, ಒಂದೇ ಕಡೆ ಹೊಸ ಪೇಂಟ್ ಇವೆಲ್ಲ ಕೆಟ್ಟ ಚಿಹ್ನೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ಬೆರಳಿಗೆ ಹಚ್ಚಿಕೋ, ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಅಲ್ಲಿಂದ ಎದ್ದು ಬಾ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸು, ಎಂಟು ಸಿಲಿಂಡರಿನ ಅಂಕಿಯೂ ಹತ್ತಿರ ಹತ್ತಿರ ಇರಬೇಕು. ಆಮೇಲೆ ಇಂಪೆಲ್ಲರ್ ಕೇಳು. ಕೆರೆಯ ನೀರನ್ನು ಎಂಜಿನ್ನಿಗೆ ಎಳೆಯುವ ರಬ್ಬರ್ ಎಲೆಗಳ ಆ ಸಣ್ಣ ಚಕ್ರವನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಅದರ ಒಂದು ಎಲೆ ಮುರಿದು ಒಳಗೆ ಸಿಕ್ಕಿಕೊಂಡರೂ ಎಂಜಿನ್ ಕಾದು ಹಾಳಾಗುತ್ತದೆ. ಬಿಚ್ಚಿದ ಹಳೆಯದನ್ನು ಇಟ್ಟುಕೊಂಡು ತೋರಿಸುವ ಮಾಲೀಕ ಸಿಕ್ಕರೆ ಅವರ ಮಾತು ನಂಬಬಹುದು.

ಬೋಟಿನ ಭಾರ ಹೆಚ್ಚಿಸಿ ಅಲೆ ದೊಡ್ಡದು ಮಾಡಲು ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕುಗಳನ್ನು ಪಂಪು ಹಾಕಿ ಒಂದೊಂದಾಗಿ ತುಂಬಿಸಿ, ಖಾಲಿ ಮಾಡಿಸಿ ನೋಡು. ಅಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಕಾಟ ನಿನಗೇ ಗೊತ್ತು. ಒಂದು ಕೆರೆಯ ನೀರು ಟ್ಯಾಂಕಿನಲ್ಲಿ ಉಳಿದು ಇನ್ನೊಂದು ಕೆರೆ ಸೇರಬಾರದು, ಡ್ರೈನ್ ಪ್ಲಗ್ ತೆಗೆದೇ ರಸ್ತೆಗಿಳಿಯಬೇಕು ಎಂಬುದು ಅಲ್ಲಿನ ಕಾನೂನು. ಮತ್ತೆ, ಒಂದು ಲೀಟರ್ ನೀರು ಒಂದು ಕಿಲೋ. 900 ಲೀಟರ್ ತುಂಬಿಸಿದರೆ ಹನ್ನೆರಡು ಹದಿಮೂರು ಜನರನ್ನು ಹೆಚ್ಚಿಗೆ ಕೂರಿಸಿದ ಹಾಗೆ. ಮನೆಮಂದಿಯೆಲ್ಲ ಹತ್ತಿದ ದಿನ ಬ್ಯಾಲಸ್ಟ್ ಕಮ್ಮಿ ಮಾಡಲೇಬೇಕು.

ಹೊಗೆಯ ವಿಷಯ ನೀನು ಕೇಳಿಯೇ ಇಲ್ಲ, ಆದರೆ ನಾನು ಹೇಳದೆ ಬಿಡಲಾರೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸರ್ಫ್ ಮಾಡಿಸುವಾಗ ಬೋಟು ಗಂಟೆಗೆ 16-18 ಕಿಲೋಮೀಟರ್ ವೇಗದಲ್ಲಿ ಮೂತಿ ಎತ್ತಿಕೊಂಡು ಹೋಗುತ್ತದೆ, ಆಗ ಹೊಗೆ ಹಿಂದಕ್ಕೆ ಹಾರಿಹೋಗದೆ ಬೋಟಿನ ಬೆನ್ನಿಗೇ ಸುತ್ತುತ್ತದೆ. ಹಿಂದಿನ ಮರದ ಪ್ಲಾಟ್‌ಫಾರ್ಮಿನ ಮೇಲೆ ಕಾಲು ಇಳಿಬಿಟ್ಟು ಕೂರಲು ಮಕ್ಕಳಿಗೆ ಬಲು ಇಷ್ಟ. ಎಂಜಿನ್ ಓಡುತ್ತಿರುವಾಗ ಯಾರೂ ಅಲ್ಲಿ ಕೂರಬಾರದು, ಅದನ್ನು ಹಿಡಿದು ಜೋತುಬೀಳಲೂ ಬಾರದು. ಕ್ಯಾಲಿಫೋರ್ನಿಯಾ 2005ರಿಂದಲೇ ಅದನ್ನು ನಿಷೇಧಿಸಿದೆ. ನಿಮ್ಮ ಮಿನ್ನೆಟಾಂಕಾ ಕೆರೆಯಲ್ಲೇ 2015ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಈ ಅನಿಲಕ್ಕೆ ಬಲಿಯಾದಳು, ಎಕ್ಸಾಸ್ಟ್ ಪೈಪಿನಲ್ಲಿ ತೂತಾಗಿತ್ತು. ಆ ಮಗುವಿನ ನೆನಪಿನಲ್ಲಿ ಸೋಫಿಯಾಸ್ ಲಾ ಎಂಬ ಕಾನೂನು ಬಂದು, ಮುಚ್ಚಿದ ಕ್ಯಾಬಿನ್ ಇರುವ ಬೋಟುಗಳಿಗೆ ಅನಿಲ ಪತ್ತೆಯ ಅಲಾರಂ ಕಡ್ಡಾಯವಾಯಿತು. ನೀನು ನೋಡುತ್ತಿರುವುದು ತೆರೆದ ಬೋಟು, ಕಡ್ಡಾಯವಿಲ್ಲ. ಆದರೂ ಹಾಕಿಸು ಮಾರಾಯ. ಎಕ್ಸಾಸ್ಟ್ ಹೋಸುಗಳನ್ನು ಕೈಯಿಂದ ಅದುಮಿ ನೋಡು, ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಮೊದಲು ಅವನ್ನು ಬದಲಿಸಿಯೇ ಮಕ್ಕಳನ್ನು ಹತ್ತಿಸು. ಸ್ಟಾರ್ಟ್ ಮಾಡುವ ಮುಂಚೆ, ಎಂಜಿನ್ ಜಾಗದ ಪೆಟ್ರೋಲ್ ಆವಿಯನ್ನು ಹೊರಗೆ ಊದುವ ಬ್ಲೋವರ್ ನಾಲ್ಕು ನಿಮಿಷ ಓಡಲಿ.

ಎಳೆಯುವ ಗಾಡಿಯ ಬಗ್ಗೆ: ನಿನ್ನ ಎಸ್‌ಯುವಿಯ ಮಿತಿ 5,000 ಪೌಂಡ್ ಅಂದೆ. ಈ ಬೋಟು, ಟ್ರೇಲರ್, ಪೆಟ್ರೋಲ್, ಸಾಮಾನು ಸೇರಿದರೆ ಅದು ಮೀರುತ್ತದೆ. ಸೀಸನ್ನಿಗೆ ಮರೀನಾದಲ್ಲಿ ಜಾಗ ಬಾಡಿಗೆಗೆ ಹಿಡಿದು, ಇಳಿಸಲು ಏರಿಸಲು ವರ್ಷಕ್ಕೆರಡು ಸಲ ಅವರದೇ ಟ್ರಕ್ಕು ಕರೆಸುವುದು ಒಳ್ಳೆಯದು. ಬೋಟಿನ ಹಿಂಭಾಗದ ಬಲಗಡೆ ಮೇಲ್ತುದಿಯಲ್ಲಿರುವ ಹನ್ನೆರಡು ಅಕ್ಷರದ ಹಲ್ ನಂಬರ್, ಅಂದರೆ ಬೋಟಿನ ಗುರುತಿನ ಸಂಖ್ಯೆ, ಕಾಗದದ ಜೊತೆ ತಾಳೆಯಾಗಬೇಕು, ಸಾಲ ಬಾಕಿ ಇಲ್ಲವೆಂದು ಖಾತ್ರಿಯಾಗಬೇಕು.

ಊರಿಗೆ ಬಂದಾಗ ಇಂಥದ್ದೊಂದು ಹಾರಂಗಿ ಹಿನ್ನೀರಿನಲ್ಲಿ ಓಡಿಸಿದರೆ ಹೇಗೆ ಅಂತ ಕೇಳಿದ್ದೀಯ. ನನಗೆ ಇಷ್ಟವಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಆ ಕೆಂಪು ಮಣ್ಣೆಲ್ಲ ಹಾರಂಗಿಗೆ ಇಳಿದದ್ದನ್ನು ನಾವು ಕಣ್ಣಾರೆ ಕಂಡವರು. ನೀರು ಇಳಿದಾಗ ಬರಿದಾಗುವ ಆ ದಡಕ್ಕೆ ಇಂಥ ಅಲೆ ಬಡಿದರೆ ಮಣ್ಣು ನಿಲ್ಲುವುದಿಲ್ಲ. ಅಲ್ಲಿಯೂ ಇದೇ ಚರ್ಚೆ ಅಲ್ಲವೇ? ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಾಲಯ 2022ರಲ್ಲಿ ಅಳೆದು ನೋಡಿ, ವೇಕ್‌ಸರ್ಫ್ ಬೋಟು ದಡದಿಂದ 500 ಅಡಿಗಿಂತ ಹೆಚ್ಚು ದೂರ ಇರಬೇಕು ಎಂದಿತು. ವರ್ಮಾಂಟ್ ರಾಜ್ಯ 2024ರಲ್ಲಿ 500 ಅಡಿ ದೂರ, 20 ಅಡಿ ಆಳ ಎಂದು ನಿಯಮವನ್ನೇ ಮಾಡಿತು. ನಿಮ್ಮ ಕೆರೆಯಲ್ಲಿ ಅಷ್ಟು ಜಾಗವಿದೆಯೇ ಎಂದು ಬೋಟಿಗಿಂತ ಮೊದಲು ನಕ್ಷೆ ನೋಡು. ಇಲ್ಲದಿದ್ದರೆ ಸರ್ಫ್ ಬಿಟ್ಟು ವೇಕ್‌ಬೋರ್ಡ್ ಅಷ್ಟೇ ಕಲಿಸು. ದಡದ ಮನೆಯವರೂ ನಿನ್ನ ನೆರೆಯವರೇ.

ಅವಸರ ಬೇಡ. ಸೆಪ್ಟೆಂಬರ್ ಬಂದರೆ ಚಳಿಗಾಲದ ಶೆಡ್ ಬಾಡಿಗೆ ನೆನೆಸಿಕೊಂಡು ಮಾರುವವರೇ ಬೆಲೆ ಇಳಿಸುತ್ತಾರೆ, ಕೆರೆ ಇನ್ನೂ ಹೆಪ್ಪುಗಟ್ಟಿರುವುದಿಲ್ಲವಾದ್ದರಿಂದ ನೀರಿನ ಮೇಲೆ ಓಡಿಸಿಯೂ ನೋಡಬಹುದು. ಹೋಗುವ ದಿನ ಅಮ್ಮನನ್ನೂ ಕರೆದುಕೊಂಡು ಹೋಗು, ಅವರೇ ಹತ್ತಿ ಕೂತು ಹೇಳಲಿ. ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಕಾಲ್ ಮಾಡಿದರೆ ಇಲ್ಲಿ ರಾತ್ರಿ ಎಂಟೂವರೆ, ನಾನು ಮಡಿಕೇರಿಗೆ ಬಂದು ಸಿಗ್ನಲ್ ಇರುವ ಕಡೆ ಕೂತಿರುತ್ತೇನೆ. ನೀನು ತಲುಪುವ ಮುಂಚೆ ಎಂಜಿನ್ ಬಿಸಿ ಮಾಡಿಡಬೇಡಿ ಅಂತ ಅವರಿಗೆ ಮೊದಲೇ ಹೇಳಿರು. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನಾನು ಕೇಳಬೇಕು.

ಇಂತಿ ನಿನ್ನ ಗೆಳೆಯ